ಬಾಡಿಗೆಯನ್ನು 12ರಿಂದ ಗುಣಿಸುವ ಮುಂಚೆ

ಬಾಡಿಗೆಗೆ ಕೊಡಲೆಂದು ಮೊದಲ ಮನೆ ಕೊಳ್ಳುವವರು ನನ್ನ ಹತ್ತಿರ ಬರುವಷ್ಟರಲ್ಲಿ ಅವರ ಲೆಕ್ಕ ಮುಗಿದಿರುತ್ತದೆ. ತಿಂಗಳ ಬಾಡಿಗೆ ಗುಣಿಸು 12, ಅದರಲ್ಲಿ ಸಾಲದ ಕಂತು ಕಳೆ, ಉಳಿದಿದ್ದು ಲಾಭ. ಪತ್ರಗಳನ್ನು ವಕೀಲರಿಗೆ ತೋರಿಸಿ, ಕರಾರು ಬರೆಸಿ ಅಂತೆಲ್ಲ ನಾನು ಹೇಳಬೇಕಾಗಿಲ್ಲ. ನನ್ನ ತಲೆನೋವು ಈ 12.

ಮನೆ ಒಂದು ತಿಂಗಳು ಖಾಲಿ ಬಿತ್ತು ಅಂದರೆ ವರ್ಷದ ಬಾಡಿಗೆಯಲ್ಲಿ ಶೇ. 8ಕ್ಕಿಂತ ಜಾಸ್ತಿ ಹೋಯಿತು. ಎರಡು ತಿಂಗಳಾದರೆ ಹತ್ತಿರಹತ್ತಿರ ಶೇ. 17. ಬಾಡಿಗೆ ನಿಂತಿತು ಅಂತ ತೆರಿಗೆ ನಿಲ್ಲುವುದಿಲ್ಲ, ವಿಮೆ ನಿಲ್ಲುವುದಿಲ್ಲ, ಕಂತಂತೂ ನಿಲ್ಲುವುದೇ ಇಲ್ಲ.

ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಹೋಗಿ ಒಳ್ಳೇ ಬಾಡಿಗೆದಾರರನ್ನೇ ಬಿಡಿಸುತ್ತಾರೆ!

ಒಬ್ಬರು ಹಾಗೇ ಮಾಡಿದರು. ಮನೆಯಲ್ಲಿದ್ದವರು ತಪ್ಪದೆ ಬಾಡಿಗೆ ಕೊಡುತ್ತಿದ್ದರು, ನಲ್ಲಿ ಸೋರಿದರೆ ಆವತ್ತೇ ಫೋನ್ ಮಾಡುತ್ತಿದ್ದರು. ಇವರು ಒಂದೇ ಏಟಿಗೆ ಶೇ. 10 ಜಾಸ್ತಿ ಕೇಳಿದರು. ಅವರು ಖಾಲಿ ಮಾಡಿದರು. ಹೊಸಬರು ಸಿಗುವವರೆಗೆ ಎರಡು ತಿಂಗಳು ಬೀಗ. ಲೆಕ್ಕ ನಿಧಾನವಾಗಿ ನೋಡಿ: ಹಳೇ ಬಾಡಿಗೆ 100 ಅಂತಿಟ್ಟುಕೊಂಡರೆ ಕೈಬಿಟ್ಟಿದ್ದು 200. ಹೊಸ ಬಾಡಿಗೆ 110, ಅಂದರೆ ತಿಂಗಳಿಗೆ ಸಿಗುವುದು 10 ಜಾಸ್ತಿ. ಆ 200 ವಾಪಸ್ ಬರಲು 20 ತಿಂಗಳು ಬೇಕು. ಸುಣ್ಣಬಣ್ಣ, ಬ್ರೋಕರ್ ಕಮಿಷನ್ ಸೇರಿಸಿದರೆ ಇನ್ನೂ ಮುಂದಕ್ಕೆ. ಹೊಸಬರು ವರ್ಷಕ್ಕೇ ಹೊರಟರೆ ಗಿಟ್ಟಿದ್ದು 120 ಮಾತ್ರ, ಮತ್ತೆ ಬೀಗ. ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. "ಆದ್ರೂ ಮನೆ ರೇಟು ಏರ್ತಲ್ಲ ಸಾರ್" ಅಂದರು. ಮನುಷ್ಯ ಒಳ್ಳೆಯವರು, ಏನು ಮಾಡೋದು.

ಬಾಡಿಗೆ ಏರಿಸಲೇಬಾರದು ಅಂತಲ್ಲ. ಸುತ್ತಲಿನ ಬಾಡಿಗೆ ನಿಮ್ಮದಕ್ಕಿಂತ ತುಂಬಾ ಮೇಲಿದ್ದರೆ, ಖಾಲಿಯಾದ ವಾರಕ್ಕೇ ಜನ ಸಿಗುವಂತಿದ್ದರೆ ಲೆಕ್ಕ ಬೇರೆ. ಎಷ್ಟು ಏರಿಸಬಹುದು, ಎಷ್ಟು ದಿನ ಮುಂಚೆ ಹೇಳಬೇಕು ಅನ್ನೋದು ನಿಮ್ಮಲ್ಲಿನ ಕಾನೂನು ಮತ್ತು ಕರಾರಿಗೆ ಬಿಟ್ಟಿದ್ದು. ಒಮ್ಮೆ ಕೇಳಿಕೊಳ್ಳಿ.

ರಿಪೇರಿಯ ವಿಷಯವೂ ಇದರ ಜೊತೆಗೇ ಬರುತ್ತದೆ. ಬಚ್ಚಲ ಗೋಡೆಯ ಆಚೆ ಬದಿ ಬಣ್ಣ ಉಬ್ಬಿದೆ ಅಂತ ಬಾಡಿಗೆದಾರರು ಹೇಳಿದಾಗ ಬಹುಪಾಲು ಮಾಲೀಕರು ಮುಂದಿನ ಬಾರಿ ಬಣ್ಣ ಹೊಡೆಸುವಾಗ ನೋಡೋಣ ಅನ್ನುತ್ತಾರೆ. ಒಳಗೆ ಪೈಪ್ ಸೋರುತ್ತಿದ್ದರೆ ಮೇಲೆ ಬಣ್ಣ ಹೊಡೆದು ಏನು ಬಂತು? ಕೊನೆಗೆ ಟೈಲ್ಸ್ ಕೀಳಬೇಕು. ಆಗಲೂ ಮನೆ ಖಾಲಿಯೇ, ಅಲ್ವಾ?

ಅಡ್ವಾನ್ಸ್ ಹಣ ನಿಮ್ಮದಲ್ಲ, ಅದನ್ನು ಮುಟ್ಟಬೇಡಿ. ಅದರ ಬಗ್ಗೆ ಇಷ್ಟು ಸಾಕು.

ಮೊದಲ ಮನೆಗೆ ನಾನು 12ರ ಜಾಗದಲ್ಲಿ 10 ಹಾಕಿಸುತ್ತೇನೆ. ಅದರಲ್ಲಿ ತೆರಿಗೆ, ವಿಮೆ, ರಿಪೇರಿ ಕಳೆದು ಉಳಿದಿದ್ದನ್ನು ಮನೆಗೆ ಸುರಿದ ಒಟ್ಟು ದುಡ್ಡಿನ ಜೊತೆ ಇಟ್ಟು ನೋಡಿ. ನೋಂದಣಿ ಖರ್ಚೂ ಆ ದುಡ್ಡಿನಲ್ಲಿ ಸೇರಿರಲಿ. ಕಂತಿಗೆ ಬಾಡಿಗೆ ಸಾಲದಿದ್ದರೆ ಸಂಬಳದಿಂದ ತುಂಬುತ್ತೇನೆ ಅನ್ನುವವರಿದ್ದಾರೆ. ತುಂಬಲಿ, ಬೇಡ ಅನ್ನಲ್ಲ. ಎಷ್ಟು ತಿಂಗಳು ತುಂಬಬಲ್ಲಿರಿ ಅಂತ ಬರೆದುಕೊಂಡು ಬನ್ನಿ, ಆಮೇಲೆ ಮನೆ ನೋಡೋಣ.