ಡಬ್ಬಿಯ ಮೇಲಿನ ಮೊಲಕ್ಕೆ ಎಷ್ಟು ಕಾಲು?

ಮದುವೆಯ ಸುಗ್ಗಿಯಲ್ಲಿ ಬೆಳಗಾವಿಯ ಖಡೇಬಜಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೀರೆ, ಬಳೆ, ಬಾಸಿಂಗ ಎಲ್ಲ ಮುಗಿಸಿ ಕೊನೆಗೆ ಲಿಪ್‌ಸ್ಟಿಕ್ ಕೊಳ್ಳಲು ಹೋದಾಗ ಅಣ್ಣನ ಮಗಳು ಗಾಜಿನ ಕೌಂಟರ್ ಮೇಲೆ ಮೂರು ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ನಿಂತುಬಿಟ್ಟಳು. ಮೂರರ ಮೇಲೂ ಮೊಲ. ಒಂದು ಜಿಗಿಯುತ್ತಿತ್ತು. ಇನ್ನೊಂದಕ್ಕೆ ಕಿವಿಯೇ ದೊಡ್ಡದು. ಮೂರನೆಯದು ಎರಡು ಎಲೆಗಳ ನಡುವೆ ಕುಳಿತಿತ್ತು. ಎಣಿಸಿದರೆ ಅದಕ್ಕೆ ಮೂರೇ ಕಾಲು ಕಾಣುತ್ತಿದ್ದವು. “ಅತ್ತೆ, ಇವುಗಳಲ್ಲಿ ಯಾವುದು ನಿಜವಾಗಿ ಕ್ರುಯೆಲ್ಟಿ ಫ್ರೀ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವರು ಹೇಳಿದರು: “ಮೊಲ ಎಲ್ಲದರ ಮೇಲೂ ಇದೆ ತಂಗಿ, ನೀನು ಬಣ್ಣ ನೋಡಿ ತೆಗೆದುಕೋ.”

ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಡಬ್ಬಿ ಮಾಡಿದವರೂ ಬಹುಶಃ ಸುಳ್ಳು ಹೇಳಿರಲಿಲ್ಲ. ಈ ವಿಷಯದ ಸಿಕ್ಕು ಇರುವುದೇ ಅಲ್ಲಿ. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದು ಮೊಲದ ಚಿತ್ರ ಸೂಚಿಸುವ ‘ಕ್ರೌರ್ಯಮುಕ್ತ’ (ಕ್ರುಯೆಲ್ಟಿ ಫ್ರೀ) ಎಂಬ ಒಂದೇ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಮಾತುಗಳು ಅಡಗಿ ಕುಳಿತಿವೆ. ಯಾರು ಯಾವುದನ್ನು ಹೇಳುತ್ತಿದ್ದಾರೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಈ ಕಥೆಯಲ್ಲಿ ಮೊದಲು ಹೋದ ಕಣ್ಣು ಮನುಷ್ಯರದೇ. 1933ರ ಸುಮಾರಿಗೆ ಅಮೆರಿಕದಲ್ಲಿ ರೆಪ್ಪೆಗೂದಲಿಗೆ ಹಚ್ಚುವ ಒಂದು ಬಣ್ಣದಿಂದ ಹಲವು ಮಹಿಳೆಯರು ದೃಷ್ಟಿ ಕಳೆದುಕೊಂಡರು, ಒಬ್ಬರು ಸತ್ತೇಹೋದರು. ಅದರಲ್ಲಿದ್ದದ್ದು ಪ್ಯಾರಾಫಿನೈಲಿನ್‌ಡೈಅಮೈನ್, ಚಿಕ್ಕದಾಗಿ ಪಿಪಿಡಿ. ಜನ ರೊಚ್ಚಿಗೆದ್ದರು, 1938ರಲ್ಲಿ ಅಲ್ಲಿ ಆಹಾರ, ಔಷಧ ಮತ್ತು ಸೌಂದರ್ಯವರ್ಧಕಗಳ ಕಾನೂನು ಬಂತು. ಸುರಕ್ಷಿತ ಎಂದು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ 1944ರಲ್ಲಿ ಜಾನ್ ಡ್ರೇಜ್ ಎಂಬ ಸರ್ಕಾರಿ ವಿಷವಿಜ್ಞಾನಿ ಮತ್ತು ಅವರ ಸಂಗಡಿಗರು ಮೊಲದ ಕಣ್ಣು, ಮೊಲದ ಚರ್ಮದ ಮೇಲಿನ ಪರೀಕ್ಷೆಯನ್ನು ಉತ್ತರವಾಗಿ ಕೊಟ್ಟರು. ಮುಂದಿನ ಮೂರೂವರೆ ದಶಕ ಅದೇ ಜಗತ್ತಿನ ಪದ್ಧತಿಯಾಯಿತು.

(ಅದೇ ಪಿಪಿಡಿ ಇಂದಿಗೂ ಬಾಗಲಕೋಟೆಯ ಯಾವ ಕಿರಾಣಿ ಅಂಗಡಿಯಲ್ಲಿ ಕೇಳಿದರೂ ಸಿಗುವ ಎಷ್ಟೋ ಕಪ್ಪು ಹೇರ್ ಡೈ ಪೊಟ್ಟಣಗಳಲ್ಲಿದೆ. ಪೊಟ್ಟಣದ ಹಿಂಭಾಗದಲ್ಲಿ, ಕನ್ನಡಕ ಹಾಕಿಕೊಂಡರೂ ಓದಲಾಗದ ಅಕ್ಷರಗಳಲ್ಲಿ, ಬಳಸುವ ಮುನ್ನ ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿ ಎಂದಿರುತ್ತದೆ. ಮೊಲ ಇರಲಿ ಬಿಡಲಿ, ಕೊನೆಯ ಪರೀಕ್ಷೆ ನಮ್ಮ ಮೊಣಕೈ ಮೇಲೆಯೇ.)

ಮೊಲವೇ ಏಕೆ? ಅದು ಸಾಧು ಪ್ರಾಣಿ, ಕೂಗುವುದಿಲ್ಲ, ಸಾಕುವ ಖರ್ಚು ಕಡಿಮೆ, ಕಣ್ಣು ದೊಡ್ಡದು. ಬಿಳಿ ಮೊಲದ ಕಣ್ಣಿನಲ್ಲಿ ಬಣ್ಣದ ಅಂಶವಿಲ್ಲದ ಕಾರಣ ಕೆಂಪಾದದ್ದು ತಟ್ಟನೆ ಕಾಣುತ್ತದೆ. ಕಣ್ಣು ಮಿಟುಕಿಸುವುದು ತೀರ ಅಪರೂಪ, ಕಣ್ಣೀರೂ ನಮಗಿಂತ ಕಡಿಮೆ. ಹಾಕಿದ್ದು ಬೇಗ ತೊಳೆದುಹೋಗುವುದಿಲ್ಲ. ಒಂದು ಕಣ್ಣಿಗೆ 0.1 ಮಿಲಿಲೀಟರ್ ಪದಾರ್ಥ ಹಾಕುತ್ತಾರೆ, ಇನ್ನೊಂದನ್ನು ಹೋಲಿಕೆಗೆಂದು ಹಾಗೆಯೇ ಬಿಡುತ್ತಾರೆ. 24, 48, 72 ಗಂಟೆಗಳಿಗೆ ನೋಡಿ ಅಂಕ ಬರೆಯುತ್ತಾರೆ. ಗಾಯ ಮಾಯುತ್ತದೆಯೇ ಎಂದು ತಿಳಿಯಲು 21 ದಿನಗಳವರೆಗೂ ಕಾಯುವುದುಂಟು.

ಇದನ್ನು ಬರೆಯುವಾಗ ನನ್ನ ಕೈಗೆ ಒಂದು ಬೆಚ್ಚನೆಯ ನೆನಪು ಅಂಟಿಕೊಳ್ಳುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಫಾರ್ಮಸಿ ಓದುತ್ತಿದ್ದಾಗ ನಮಗೂ ಮೊಲದ ಕಣ್ಣಿನ ಪ್ರಾಕ್ಟಿಕಲ್ ಇತ್ತು. ಸೌಂದರ್ಯವರ್ಧಕವೇನಲ್ಲ, ಒಂದು ಕಣ್ಣಿಗೆ ಆಟ್ರೋಪಿನ್, ಇನ್ನೊಂದಕ್ಕೆ ಉಪ್ಪುನೀರು. ಪಾಪೆ ಎಷ್ಟು ಹಿಗ್ಗಿತು ಎಂದು ಅಳೆಯಬೇಕು, ಟಾರ್ಚ್ ಬಿಟ್ಟು ನೋಡಬೇಕು, ಹತ್ತಿಯ ಎಳೆ ತಾಗಿಸಿ ಕಣ್ಣು ಮುಚ್ಚುತ್ತದೆಯೇ ಎಂದು ಬರೆದುಕೊಳ್ಳಬೇಕು. ಮೊಲವನ್ನು ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂಗೈಯೊಳಗೆ ಅದರ ಎದೆ ಹೊಲಿಗೆ ಯಂತ್ರದ ಸೂಜಿಯಂತೆ ಓಡುತ್ತಿತ್ತು. ಗಂಟೆ ಮುಗಿದ ಮೇಲೆ ಅದು ತನ್ನ ಗೂಡಿಗೆ ಹೋಗಿ ಹುಲ್ಲು ತಿಂದಿತು, ನಾವು ಕ್ಯಾಂಟೀನಿಗೆ ಹೋಗಿ ಅವಲಕ್ಕಿ ತಿಂದೆವು. ಡ್ರೇಜ್ ಪರೀಕ್ಷೆಯ ಮೊಲಕ್ಕೆ ಹೋಲಿಸಿದರೆ ನಮ್ಮ ಮೊಲದ್ದು ಪುಣ್ಯದ ಬಾಳು. ಆದರೂ ‘ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆ’ ಎಂಬ ವಾಕ್ಯ ಓದಿದಾಗಲೆಲ್ಲ ನನಗೆ ಆ ಎದೆಬಡಿತವೇ ಕೇಳಿಸುತ್ತದೆ. ಆದ್ದರಿಂದ ಈ ಲೇಖನ ಪೂರ್ತಿ ತಟಸ್ಥವಾಗಿರುತ್ತದೆ ಎಂದು ನಾನು ಹೇಳಿಕೊಳ್ಳುವುದಿಲ್ಲ.

1980ರಲ್ಲಿ ಹೆನ್ರಿ ಸ್ಪೈರಾ ಎಂಬ ಶಾಲಾ ಶಿಕ್ಷಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಹಾಕಿಸಿದರು. ಸೌಂದರ್ಯಕ್ಕಾಗಿ ಎಷ್ಟು ಮೊಲಗಳನ್ನು ಕುರುಡು ಮಾಡುತ್ತೀರಿ ಎಂಬ ಅರ್ಥದ ಪ್ರಶ್ನೆಯನ್ನು ಒಂದು ದೊಡ್ಡ ಕಂಪನಿಗೆ ಕೇಳಿದ್ದರು. ಕಂಪನಿ ಪರ್ಯಾಯ ವಿಧಾನಗಳ ಸಂಶೋಧನೆಗೆ ದುಡ್ಡು ಕೊಟ್ಟಿತು, ಉಳಿದವರೂ ಹಿಂದೆ ಬಂದರು. 2004ರಿಂದ ಯುರೋಪಿಯನ್ ಒಕ್ಕೂಟ ಸಿದ್ಧ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಿಲ್ಲಿಸಿತು. 2009ರಲ್ಲಿ ಕಚ್ಚಾ ಪದಾರ್ಥದ ಪರೀಕ್ಷೆಯನ್ನೂ, 2013ರ ಮಾರ್ಚ್ 11ರಿಂದ ಹಾಗೆ ಪರೀಕ್ಷೆಗೊಳಗಾದ ವಸ್ತುಗಳ ಮಾರಾಟವನ್ನೂ ಪೂರ್ತಿಯಾಗಿ ನಿಷೇಧಿಸಿತು.

ಭಾರತ ಹೆಚ್ಚು ತಡ ಮಾಡಲಿಲ್ಲ. ಇದನ್ನು ನಮ್ಮಲ್ಲಿ ಬಹಳ ಮಂದಿ ಅರಿತಿಲ್ಲ. 2013ರಲ್ಲಿ ಭಾರತೀಯ ಮಾನಕ ಬ್ಯೂರೊ ಸೌಂದರ್ಯವರ್ಧಕಗಳ ಸುರಕ್ಷತೆಯ ಮಾನದಂಡದಿಂದ ಪ್ರಾಣಿ ಪರೀಕ್ಷೆಯನ್ನು ತೆಗೆದುಹಾಕಿತು. 2014ರ ಮೇ ತಿಂಗಳಲ್ಲಿ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಿಗೆ 148-ಸಿ ಸೇರಿತು: ಸೌಂದರ್ಯವರ್ಧಕದ ಪರೀಕ್ಷೆಗೆ ಯಾರೂ ಯಾವ ಪ್ರಾಣಿಯನ್ನೂ ಬಳಸತಕ್ಕದ್ದಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಹೊರಡಿಸಿದ 135-ಬಿ ನಿಯಮ ಆಮದಿಗೂ ಬಾಗಿಲು ಹಾಕಿತು. ಅದು ನವೆಂಬರ್ 12ರಿಂದ ಜಾರಿಗೆ ಬಂತು. 2020ರಲ್ಲಿ ಸೌಂದರ್ಯವರ್ಧಕಗಳಿಗೇ ಪ್ರತ್ಯೇಕ ನಿಯಮಾವಳಿ ಬಂದಾಗ ಈ ನಿಷೇಧಗಳೂ ಅದರೊಳಗೆ ಬಂದವು.

ಹಾಗಿದ್ದರೆ ನಮ್ಮ ಅಂಗಡಿಯಲ್ಲಿ ಕಾನೂನುಬದ್ಧವಾಗಿ ಮಾರುವ ಪ್ರತಿ ಲಿಪ್‌ಸ್ಟಿಕ್ಕೂ ಕ್ರೌರ್ಯಮುಕ್ತವೇ ಆಗಬೇಕಲ್ಲ? ಹೌದು, ಒಂದು ಅರ್ಥದಲ್ಲಿ. ಆ ಅರ್ಥದಲ್ಲಿ ಡಬ್ಬಿಯ ಮೇಲಿನ ಮೊಲ ‘ನಾವು ಕಳ್ಳತನ ಮಾಡುವುದಿಲ್ಲ’ ಎಂದು ಅಂಗಡಿಯ ಬಾಗಿಲಿಗೆ ಬೋರ್ಡು ಹಾಕಿದಂತೆ. ಕಾನೂನು ಹೇಗೂ ಕೇಳುವುದನ್ನೇ ತನ್ನ ಹಿರಿಮೆ ಎಂದು ಯಾರೂ ಹೇಳಿಕೊಳ್ಳಬಾರದು ಎಂಬುದು ಯುರೋಪಿನ ಜಾಹೀರಾತು ನಿಯಮ. ನಮ್ಮಲ್ಲಿ 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ‘ಕ್ರೌರ್ಯಮುಕ್ತ’ದಂತಹ ಸಾರಾಸಗಟು ಮಾತುಗಳನ್ನು ತಕ್ಕ ವಿವರಣೆ, ಪುರಾವೆಗಳಿಲ್ಲದೆ ಬಳಸಬಾರದು ಎಂದಿವೆ. ಮೂರು ಕಾಲಿನ ಮೊಲದ ಡಬ್ಬಿಯ ಮೇಲೆ ಪುರಾವೆಯ ಒಂದು ಸಾಲೂ ಇರಲಿಲ್ಲ. ಇದ್ದದ್ದು ಎಲೆಗಳು.

ಕಾನೂನಿನ ಬಟ್ಟೆ ಗಟ್ಟಿಯೇ, ಆದರೆ ಹೊಲಿಗೆಯ ಸಂದುಗಳಿವೆ. ನಮ್ಮ ಕಾಯಿದೆಯ ವ್ಯಾಖ್ಯೆಯಲ್ಲಿ ಸೌಂದರ್ಯವರ್ಧಕದ ಘಟಕಾಂಶವೂ ಸೌಂದರ್ಯವರ್ಧಕವೇ. ಅಷ್ಟರಮಟ್ಟಿಗೆ ಅದು ಜಾಣತನದಿಂದ ಬರೆದದ್ದು. ಆದರೆ ಒಂದೇ ರಾಸಾಯನಿಕ ಶಾಂಪೂಗೂ ಹೋಗುತ್ತದೆ, ಬಟ್ಟೆ ಸೋಪಿಗೂ ಹೋಗುತ್ತದೆ, ಔಷಧಕ್ಕೂ ಹೋಗುತ್ತದೆ. ಬೇರೆ ಉದ್ದೇಶಕ್ಕೆ ಬೇರೆ ಕಾನೂನಿನ ಅಡಿಯಲ್ಲಿ ಪರೀಕ್ಷೆಯಾದರೆ ಅದು ಈ ನಿಷೇಧದ ಬಲೆಗೆ ಬೀಳುವುದು ಕಷ್ಟ. ಇನ್ನೊಂದು ಸಂದು ತಾರೀಖಿನದು: ಆಮದಿನ ನಿಷೇಧ 2014ರ ನವೆಂಬರ್ ನಂತರ ಪರೀಕ್ಷೆಗೊಳಗಾದ ವಸ್ತುವಿಗೆ ಮಾತ್ರ. ಅದಕ್ಕೂ ಮೊದಲಿನದ್ದು ಮಾಫಿ. ಹಾಗೆ ನೋಡಿದರೆ ನಾವು ಬಳಸುವ ಹಳೆಯ ಪದಾರ್ಥಗಳಲ್ಲಿ ಬಹುಪಾಲು ಒಂದಲ್ಲ ಒಂದು ಕಾಲದಲ್ಲಿ ಯಾವುದೋ ಪ್ರಾಣಿಯ ಮೈ ಮೇಲೆ ಹಾದುಬಂದವೇ. ಇನ್ನು, ನಮ್ಮ ಮನೆಗಳ ಕನ್ನಡಿಯ ಮುಂದೆ ಇರುವ ಎಷ್ಟೋ ಗಿಡಮೂಲಿಕೆಯ ಮುಖದ ಕ್ರೀಮುಗಳು, ತಲೆಗೆ ಹಚ್ಚುವ ಎಣ್ಣೆಗಳು ಕಾನೂನಿನ ಲೆಕ್ಕದಲ್ಲಿ ಸೌಂದರ್ಯವರ್ಧಕಗಳೇ ಅಲ್ಲ. ಅವು ‘ಆಯುರ್ವೇದ ಔಷಧ’ದ ಪರವಾನಗಿಯಲ್ಲಿ ತಯಾರಾಗುತ್ತವೆ. ಅವುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಾರೆ ಎಂದು ಇದರ ಅರ್ಥವಲ್ಲ. ಅವು ಬೇರೆ ಅಧ್ಯಾಯಕ್ಕೆ ಸೇರಿದವು, ಅಷ್ಟೇ.

ಗಡಿಯಾಚೆಗೆ ಹೋದರೆ ಸಿಕ್ಕು ಇನ್ನೂ ಬಿಗಿಯಾಗುತ್ತದೆ. ಚೀನಾ ಬಹಳ ಕಾಲ ಆಮದಾಗುವ ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆಯನ್ನು ಕಡ್ಡಾಯ ಮಾಡಿತ್ತು. ಒಂದೇ ಕಂಪನಿ ಇಲ್ಲಿ ಮೊಲದ ಚಿತ್ರ ಹಾಕಿ, ಅಲ್ಲಿ ಮೊಲದ ಕಣ್ಣಿಗೆ ದಾರಿ ಬಿಡುವುದು ಸಾಧ್ಯವಿತ್ತು. ಎರಡೂ ಕಡೆ ಅದು ಕಾನೂನು ಪಾಲಿಸಿದಂತೆಯೇ. 2021ರ ಮೇ 1ರಿಂದ ಸಾಮಾನ್ಯ ಉತ್ಪನ್ನಗಳಿಗೆ ಷರತ್ತಿನ ಮೇಲೆ ವಿನಾಯಿತಿ ಸಿಕ್ಕಿತು. ಹೇರ್ ಡೈ, ಸನ್‌ಸ್ಕ್ರೀನ್, ಬಿಳುಪು ಕೊಡುವ ಕ್ರೀಮುಗಳು ‘ವಿಶೇಷ’ ವರ್ಗದಲ್ಲಿ ಉಳಿದವು. ಯುರೋಪೂ ಪೂರ್ತಿ ಚೊಕ್ಕವಲ್ಲ. ಅಲ್ಲಿ ರಾಸಾಯನಿಕಗಳನ್ನು ನೋಂದಾಯಿಸುವ ಕಾನೂನು ಬೇರೆ ಇದೆ. ಸನ್‌ಸ್ಕ್ರೀನಿನಲ್ಲಿ ಮಾತ್ರ ಬಳಸುವ ಎರಡು ಪದಾರ್ಥಗಳಿಗೂ, ಅವುಗಳನ್ನು ತಯಾರಿಸುವ ಕಾರ್ಮಿಕರ ಸುರಕ್ಷತೆಗಾಗಿ ಪ್ರಾಣಿ ಪರೀಕ್ಷೆ ಕೇಳಬಹುದು ಎಂದು 2023ರ ನವೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಿತು. ಕೊಳ್ಳುವವರಿಗಾಗಿ ಬೇಡ, ಕೆಲಸಗಾರರಿಗಾಗಿ ಬೇಕು! ಈ ತರ್ಕವನ್ನು ಕಾರ್ಖಾನೆಯ ಕೆಲಸಗಾರರ ಮುಂದೆ ತಳ್ಳಿಹಾಕುವ ಧೈರ್ಯ ನನಗೂ ಇಲ್ಲ.

ಈಗ ಮೊಲಗಳ ಸರದಿ. 1996ರಲ್ಲಿ ಎಂಟು ಪ್ರಾಣಿದಯಾ ಸಂಘಟನೆಗಳು ಸೇರಿ ‘ಲೀಪಿಂಗ್ ಬನ್ನಿ’ ಎಂಬ ಜಿಗಿಯುವ ಮೊಲದ ಗುರುತನ್ನು ತಂದವು. ಅದನ್ನು ಪಡೆಯಬೇಕಾದರೆ ಕಂಪನಿ ಒಂದು ತಾರೀಖನ್ನು ಗೊತ್ತು ಮಾಡಿಕೊಳ್ಳಬೇಕು. ಅದರ ನಂತರ ತಾನಾಗಲಿ, ಕಚ್ಚಾ ಮಾಲು ಕೊಡುವವರಾಗಲಿ ಪ್ರಾಣಿ ಪರೀಕ್ಷೆ ಮಾಡಿಲ್ಲವೆಂದು ತೋರಿಸಬೇಕು, ವರ್ಷಕ್ಕೊಮ್ಮೆ ನವೀಕರಿಸಬೇಕು, ಹೊರಗಿನವರ ತಪಾಸಣೆಗೆ ಒಪ್ಪಬೇಕು. ‘ಪೆಟಾ’ ಸಂಘಟನೆಯ ಮೊಲ ಮುಖ್ಯವಾಗಿ ಕಂಪನಿ ಸಹಿ ಹಾಕಿ ಕೊಡುವ ಮುಚ್ಚಳಿಕೆಯ ಮೇಲೆ ನಿಂತಿದೆ. ಇವೆರಡೂ ಅಲ್ಲದ ಮೊಲ ಬಂದದ್ದು ಡಬ್ಬಿ ವಿನ್ಯಾಸ ಮಾಡಿದವರ ಕಂಪ್ಯೂಟರಿನಿಂದ. ಅಮೆರಿಕದಲ್ಲಿ ‘ಕ್ರುಯೆಲ್ಟಿ ಫ್ರೀ’ ಎಂಬ ಪದಕ್ಕೆ ಕಾನೂನಿನ ವ್ಯಾಖ್ಯೆಯೇ ಇಲ್ಲ ಎಂದು ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಾನೇ ಹೇಳುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಯಾರು ಬೇಕಾದರೂ ವಾದಿಸಬಹುದು. ಒಂದು ವ್ಯತ್ಯಾಸವನ್ನಂತೂ ನೆನಪಿಡಬೇಕು: ಗುರುತು ಸಿಗುವುದು ಬ್ರಾಂಡಿಗೆ. ಅದನ್ನು ಕೊಂಡುಕೊಂಡ ದೊಡ್ಡ ಕಂಪನಿಯ ಉಳಿದ ಬ್ರಾಂಡುಗಳಿಗೆ ಅದು ಅನ್ವಯಿಸುವುದಿಲ್ಲ.

ನಮ್ಮ ಕಡೆ ಇದರ ಜೊತೆಗೆ ಹಸಿರು ಚುಕ್ಕೆಯ ಗೊಂದಲವೂ ಸೇರಿಕೊಂಡಿದೆ. ಹಸಿರು ಚುಕ್ಕೆ ಹೇಳುವುದು ಒಳಗೆ ಏನಿದೆ ಎಂಬುದನ್ನು. ಮೊಲ ಹೇಳುವುದು ಅದನ್ನು ಯಾರ ಮೇಲೆ ಹಾಕಿ ನೋಡಲಿಲ್ಲ ಎಂಬುದನ್ನು. ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ ತೆಗೆದ ಕೆಂಪು ಬಣ್ಣ, ಕುರಿಯ ಉಣ್ಣೆಯ ಜಿಡ್ಡು, ಜೇನುಮೇಣ, ಅರಗು ಇವೆಲ್ಲ ಇದ್ದೂ ಒಂದು ಲಿಪ್‌ಸ್ಟಿಕ್ ಅತ್ಯಂತ ಕಟ್ಟುನಿಟ್ಟಿನ ಮೊಲದ ಗುರುತನ್ನು ಪಡೆಯಬಹುದು. ತದ್ವಿರುದ್ಧವಾಗಿ, ಪೂರ್ತಿ ಸಸ್ಯಜನ್ಯವಾದದ್ದು ಯಾವುದೋ ದೇಶದಲ್ಲಿ ಮೊಲದ ಕಣ್ಣಿಗೆ ಬಿದ್ದಿರಬಹುದು. ಡ್ರೇಜ್‌ಗೆ ಪರ್ಯಾಯವಾಗಿ ಒಪ್ಪಿಗೆ ಪಡೆದ ವಿಧಾನಗಳಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಚರ್ಮದ ಪದರವೂ ಇದೆ, ಕಸಾಯಿಖಾನೆಯಿಂದ ತಂದ ದನದ ಕಣ್ಣೂ ಇದೆ. ಎರಡನೆಯದನ್ನು ಬೆಳ್ಳುಳ್ಳಿಯನ್ನೂ ಮುಟ್ಟದ ನನ್ನ ತಾಯಿಗೆ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ.

ಅಂಗಡಿಯಲ್ಲಿ ನಿಂತು ಮಾಡಬಹುದಾದದ್ದು ಸ್ವಲ್ಪವೇ. ವಿದೇಶಿ ಮಾಲಾದರೆ ಆಮದುದಾರರ ವಿಳಾಸ, ನೋಂದಣಿ ಸಂಖ್ಯೆ ಇದೆಯೇ ನೋಡಬೇಕು; ನೋಂದಣಿಗೆ ಅರ್ಜಿ ಹಾಕುವವರು ಪ್ರಾಣಿ ಪರೀಕ್ಷೆ ನಡೆದಿಲ್ಲವೆಂದು ಘೋಷಣಾಪತ್ರ ಕೊಡಬೇಕಾಗುತ್ತದೆ. ಯಾರದೋ ಬ್ಯಾಗಿನಲ್ಲಿ ಬಂದ, ಚೀಟಿಯಿಲ್ಲದ ಅಗ್ಗದ ಡಬ್ಬಿಯ ಹಿಂದೆ ಅಂಥ ಕಾಗದ ಯಾವುದೂ ಇರುವುದಿಲ್ಲ. ಮೊಲದ ಗುರುತಿದ್ದರೆ ಅದನ್ನು ಕೊಟ್ಟ ಸಂಸ್ಥೆಯ ಪಟ್ಟಿಯಲ್ಲಿ ಬ್ರಾಂಡಿನ ಹೆಸರಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ಮಿಕ್ಕದ್ದನ್ನು ಕಂಪನಿಯನ್ನೇ ಕೇಳಬೇಕು: ಕಚ್ಚಾ ಮಾಲು ಕೊಡುವವರ ಪರೀಕ್ಷೆಯ ಬಗ್ಗೆ ನಿಮ್ಮ ಬಳಿ ಏನು ಬರಹವಿದೆ? ಯಾವ ತಾರೀಖಿನಿಂದ? ಪ್ರಾಣಿ ಪರೀಕ್ಷೆ ಕೇಳುವ ದೇಶದಲ್ಲಿ ಮಾರುತ್ತೀರಾ? ತಪಾಸಣೆ ಮಾಡಿದವರು ಯಾರು?

ಅಣ್ಣನ ಮಗಳು ಆ ರಾತ್ರಿಯೇ ಮೂರು ಕಂಪನಿಗಳಿಗೂ ಈ ನಾಲ್ಕು ಪ್ರಶ್ನೆಗಳನ್ನು ಬರೆದಳು. ಜಿಗಿಯುವ ಮೊಲದವರು ಮೂರನೆಯ ದಿನಕ್ಕೆ ತಾರೀಖು ಸಮೇತ ಉತ್ತರಿಸಿದರು. ಅದನ್ನೇ ಕೊಂಡಳು. ಮನೆಗೆ ಬಂದು ಪದಾರ್ಥಗಳ ಪಟ್ಟಿ ಓದಿದಾಗ ಸಿಐ 75470 ಎಂದಿತ್ತು, ಅಂದರೆ ಕೊಚಿನೀಲ್ ಹುಳುವಿನ ಕೆಂಪು. ಅಜ್ಜಿಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ದೊಡ್ಡ ಕಿವಿಯ ಮೊಲದವರು, ತಾವು ಕಾರ್ಯ ನಿರ್ವಹಿಸುವ ಎಲ್ಲ ದೇಶಗಳ ಕಾನೂನುಗಳನ್ನು ಚಾಚೂ ತಪ್ಪದೆ ಪಾಲಿಸುವುದಾಗಿ ತಿಳಿಸಿದರು. ಮೂರು ಕಾಲಿನ ಮೊಲದವರ ಉತ್ತರ ಮದುವೆ ಮುಗಿದು ಹಂದರ ಬಿಚ್ಚಿದ ಮೇಲೆ ಬಂತು. ಅದರಲ್ಲಿ ಮುಂದಿನ ಖರೀದಿಗೆ ಹದಿನೈದು ಶೇಕಡಾ ರಿಯಾಯಿತಿ ಇತ್ತು.