ಕಿವಿಯ ಕಲ್ಲಿನೊಳಗೆ 40 ಚಳಿಗಾಲ

ಕೊಡ್ಡಾಯಿಯ ತಲೆ ಬಿಡಿಸಿ ತಿಂದವರಿಗೆ ಅದರೊಳಗೆ ಸಿಗುವ ಎರಡು ಬಿಳಿ ಕಲ್ಲು ಗೊತ್ತಿರುತ್ತದೆ. ಮೀನಿನ ಒಳಕಿವಿಯ ಆ ಕಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕೆಲಸ. ನಮ್ಮ ಬೂತಾಯಿಯ ಕಲ್ಲು ತೀರಾ ಚಿಕ್ಕದು. ಇಲ್ಲಿನ ನೀರು ವರ್ಷವಿಡೀ ಬೆಚ್ಚಗಿರುವುದರಿಂದ ಕಲ್ಲಿನಲ್ಲಿ ವರ್ಷಕ್ಕೊಂದರಂತೆ ಬೀಳುವ ಬಳೆ ಸ್ಪಷ್ಟವಾಗಿ ಮೂಡುವುದಿಲ್ಲ. ದಿನಕ್ಕೊಂದರಂತೆ ಬೀಳುವ ಎಳೆಗಳನ್ನೇ ಎಣಿಸಬೇಕು. ಎಣಿಸಿದರೂ ಬೂತಾಯಿಯ ಆಯುಷ್ಯ ಎರಡೂವರೆ ವರ್ಷದ ಆಚೀಚೆ. ಒಂದು ವರ್ಷ ತುಂಬುವಷ್ಟರಲ್ಲಿ ಅದು ಮೊಟ್ಟೆಗೆ ಬಂದಿರುತ್ತದೆ.

ಈ ಲೆಕ್ಕಕ್ಕೆ ಒಗ್ಗಿದ್ದ ನಾನು ತರಬೇತಿಯೊಂದರಲ್ಲಿ ದಕ್ಷಿಣ ಧ್ರುವದ ಕಡಲಿನ ದೊಡ್ಡ ಮೀನಾದ ಅಂಟಾರ್ಕ್ಟಿಕ್ ಟೂತ್‌ಫಿಶ್‌ನ ಕಲ್ಲು ನೋಡಿ ತಬ್ಬಿಬ್ಬಾದೆ. ಕಂದು ಬಣ್ಣ ಬರುವಷ್ಟು ಕಾಯಿಸಿ, ಅಂಟಿನಲ್ಲಿ ಕೂರಿಸಿ, ಅಡ್ಡಕ್ಕೆ ಕೊಯ್ದಿದ್ದರು. ಮೀನಿನ ಉದ್ದ ಎಷ್ಟೆಂದು ನಮಗೆ ಹೇಳುವುದಿಲ್ಲ, ಹೇಳಿದರೆ ಕಣ್ಣು ಅದಕ್ಕೆ ತಕ್ಕ ಸಂಖ್ಯೆಯನ್ನೇ ಹುಡುಕುತ್ತದೆ. ಹತ್ತು, ಇಪ್ಪತ್ತು, ಮೂವತ್ತು. ಅಂಚಿನ ಕಡೆ ಬಳೆಗಳು ಒತ್ತೊತ್ತಾಗಿ ಕೂತಿದ್ದವು. ಈ ಮೀನು 40 ದಾಟಿ ಬದುಕಬಲ್ಲದು.

ಒಂದು ಬಳೆ ಅಂದರೆ ಒಂದು ವರ್ಷವೇ ಎಂಬುದಕ್ಕೆ ಏನು ಆಧಾರ? ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಕೊಲ್ಲಿಯಲ್ಲಿ ಹಿಡಿದ ಮೀನುಗಳಿಗೆ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಚುಚ್ಚಿ ಬಿಟ್ಟಿದ್ದರು. ಅದು ಕಲ್ಲಿನಲ್ಲಿ ಸೇರಿ, ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಗೆರೆಯಾಗುತ್ತದೆ. ವರ್ಷಗಳ ನಂತರ ಅದೇ ಮೀನು ಮತ್ತೆ ಸಿಕ್ಕಾಗ ಆ ಗೆರೆಯ ಹೊರಗಿನ ಬಳೆಗಳನ್ನು ಎಣಿಸಿ ತಾಳೆ ನೋಡಿದರು. ನಮ್ಮ ವೃತ್ತಿಯಲ್ಲಿ ಇಷ್ಟು ಚೊಕ್ಕವಾದ ಸಾಕ್ಷಿ ಸಿಗುವುದು ಅಪರೂಪ.

ದಕ್ಷಿಣ ಧ್ರುವದ ರಾಸ್ ಸಮುದ್ರದಲ್ಲಿ ಮೀನುಗಳ ಪೈಕಿ ಇದಕ್ಕಿಂತ ದೊಡ್ಡ ಬೇಟೆಗಾರ ಇಲ್ಲ. ಎರಡು ಮೀಟರ್ ಹತ್ತಿರದ ಉದ್ದ, 100 ಕಿಲೋ ಮೀರುವ ತೂಕ. ಸಣ್ಣಪುಟ್ಟ ಮೀನು, ಬೊಂಡಾಸ ಇದರ ಆಹಾರ. ಇದನ್ನು ತಿನ್ನುವುದು ವೆಡೆಲ್ ಸೀಲ್, ಕೊಲೆಗಾರ ತಿಮಿಂಗಿಲ. ಎರಡು ಸಾವಿರ ಮೀಟರ್ ಆಳದವರೆಗೂ ಓಡಾಡುವ ಈ ಮೀನಿಗೆ ಗಾಳಿಚೀಲವೇ ಇಲ್ಲ. ಮೈತುಂಬ ಕೊಬ್ಬು ಮತ್ತು ಹಗುರ ಮೂಳೆ ಅದನ್ನು ನೀರಿನಲ್ಲಿ ತೇಲಿಸಿಡುತ್ತವೆ.

ಅಲ್ಲಿನ ನೀರು ಮೈನಸ್ 1.9 ಡಿಗ್ರಿ. ಸಾಧಾರಣ ಮೀನಿನ ರಕ್ತ ಮೈನಸ್ 1 ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ಇದರದ್ದು ಯಾಕೆ ಗಟ್ಟಿಯಾಗುವುದಿಲ್ಲ ಎಂಬುದನ್ನು 1960ರ ದಶಕದಲ್ಲಿ ವಿಜ್ಞಾನಿ ಆರ್ಥರ್ ಡಿವ್ರೀಸ್ ಅಲ್ಲಿನ ಮೀನುಗಳಲ್ಲಿ ಕಂಡುಹಿಡಿದರು: ರಕ್ತದಲ್ಲಿ ಸಕ್ಕರೆ ಅಂಟಿದ ಒಂದು ಪ್ರೋಟೀನ್ ಇದೆ, ಮಂಜಿನ ಹರಳು ಹುಟ್ಟಿದ ಕೂಡಲೇ ಅದಕ್ಕೆ ಅಂಟಿಕೊಂಡು ಬೆಳೆಯದಂತೆ ತಡೆಯುತ್ತದೆ. ಆ ಪ್ರೋಟೀನಿನ ಜೀನ್ ಬಂದದ್ದು ಅನ್ನ ಅರಗಿಸುವ ಕಿಣ್ವವೊಂದರ ಜೀನಿನಿಂದ ಎಂದು 1997ರಲ್ಲಿ ಗೊತ್ತಾಯಿತು. ಹೊಟ್ಟೆಪಾಡಿನ ಸಾಮಾನು ಜೀವರಕ್ಷಣೆಗೆ ಬಂತು! ನಾನು ಇದನ್ನು ಪಾಠ ಮಾಡಿದಾಗಲೆಲ್ಲ ಹೊಸದಾಗಿ ಬೆರಗಾಗುತ್ತೇನೆ.

ಹೋಟೆಲುಗಳಲ್ಲಿ ಇದು, ಇದರ ದಾಯಾದಿ ಪ್ಯಾಟಗೋನಿಯನ್ ಟೂತ್‌ಫಿಶ್ ಎರಡೂ ಮಾರಾಟವಾಗುವುದು ‘ಚಿಲಿಯನ್ ಸೀ ಬಾಸ್’ ಎಂಬ ಹೆಸರಿನಲ್ಲಿ. 1977ರಲ್ಲಿ ಲಾಸ್ ಏಂಜಲೀಸ್‌ನ ಮೀನು ವ್ಯಾಪಾರಿಯೊಬ್ಬರು ಕಟ್ಟಿದ ಹೆಸರದು. ರಾಸ್ ಸಮುದ್ರದಲ್ಲಿ ಉದ್ದ ಹಗ್ಗಕ್ಕೆ ಸಾವಿರಾರು ಗಾಳ ಕಟ್ಟಿ ತಳಕ್ಕಿಳಿಸುವ ಮೀನುಗಾರಿಕೆ 1990ರ ದಶಕದ ಕೊನೆಗೆ ಶುರುವಾಯಿತು. ಅದನ್ನು ನಿಯಂತ್ರಿಸುವುದು ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿರುವ ಅಂತರರಾಷ್ಟ್ರೀಯ ಆಯೋಗ. ಭಾರತವೂ ಅದರ ಸದಸ್ಯ. ಮೊಟ್ಟೆ ಇಡುವ ಮೀನಿನ ರಾಶಿ 35 ವರ್ಷದ ನಂತರವೂ ಮೂಲದ ಅರ್ಧದಷ್ಟು ಉಳಿದಿರುವಂತೆ ಮೀನು ಹಿಡಿಯುವ ಮಿತಿ ಇಡಬೇಕೆಂಬುದು ಅಲ್ಲಿನ ನಿಯಮ.

ಒಳ್ಳೆಯ ನಿಯಮವೇ. ಆದರೆ ಆ 35ನ್ನು ನಾನು ಕಲ್ಲಿನ ಬಳೆಗಳಲ್ಲಿ ಓದುತ್ತೇನೆ. ಬೂತಾಯಿಗೆ ಅದು ಮೂವತ್ತು ತಲೆಮಾರು. ಟೂತ್‌ಫಿಶ್ ಹೆಣ್ಣು ಮೊಟ್ಟೆ ಇಡಲು ತೊಡಗುವುದೇ ಸರಾಸರಿ 16–17ನೇ ವಯಸ್ಸಿಗೆ. ಅದಕ್ಕೆ 35 ವರ್ಷ ಬರೀ ಎರಡು ತಲೆಮಾರು. ಒಂದು ವರ್ಷದ ತಪ್ಪು ಅಂದಾಜು ತಿದ್ದಿಕೊಳ್ಳಲು ಬೂತಾಯಿ ಕೊಡುವ ಅವಕಾಶ ಈ ಮೀನು ಕೊಡುವುದಿಲ್ಲ. ಹಾಗಾಗಿ ಮೀನು ಹಿಡಿಯುವ ಮಿತಿ ಏರಿಸುವ ಮಾತು ಬಂದಾಗ ನಾನು ಯಾವಾಗಲೂ ನಿಧಾನಿಸುವವರ ಪರ.

ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ ಜಾರಿಗೆ ಬಂದದ್ದು 2017ರ ಡಿಸೆಂಬರ್ 1ರಂದು. ಆ ವರ್ಷ ಮರಿಯಾದ ಹೆಣ್ಣು ಮೀನು ಮೊದಲ ಸಲ ಮೊಟ್ಟೆ ಇಡುವುದು 2033ರ ಸುಮಾರಿಗೆ.