ಪುಡಿ ಬಣ್ಣದಲ್ಲಿ ಒಬ್ಬ ರಾಯಭಾರಿ

ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿ ಕಾರ್ಡಿನಲ್ ಮೆಲ್ಕಿಯೋರ್ ದ ಪೋಲಿನ್ಯಾಕ್ ಅವರ ಒಂದು ಭಾವಚಿತ್ರವಿದೆ. 1732ರಲ್ಲಿ ವೆನಿಸ್‌ನ ಕಲಾವಿದೆ ರೊಸಾಲ್ಬಾ ಕರಿಯೆರಾ ಬಿಡಿಸಿದ್ದು. ಕಾರ್ಡಿನಲ್ ಅಂದರೆ ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್ ನಂತರದ ಸ್ಥಾನ. ಅಂಥವರ ಚಿತ್ರಕ್ಕೆ ಆಗ ದೊಡ್ಡ ಕ್ಯಾನ್ವಾಸ್, ಭರ್ಜರಿ ಕುರ್ಚಿ, ಹಿಂದೆ ರೇಷ್ಮೆ ಪರದೆ ಬೇಕಿತ್ತು. ಇಲ್ಲಿ ಅದ್ಯಾವುದೂ ಇಲ್ಲ. ಕಾಗದದ ಮೇಲೆ, ಪೇಸ್ಟಲ್‌ನಲ್ಲಿ, ಅಂದರೆ ಪುಡಿ ಬಣ್ಣದ ಕಡ್ಡಿಯಲ್ಲಿ, ಬರೆದ ಎದೆಮಟ್ಟದ ಚಿಕ್ಕ ಚಿತ್ರ.

ಪೋಲಿನ್ಯಾಕ್ ಆಗ ರೋಮ್‌ನಲ್ಲಿ ಫ್ರಾನ್ಸಿನ ರಾಯಭಾರಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು. ಎಣ್ಣೆಬಣ್ಣವಾದರೆ ಪದರ ಪದರವಾಗಿ ಒಣಗಬೇಕು, ಮತ್ತೆ ಮತ್ತೆ ಬಂದು ಕೂರಬೇಕು. ಪೇಸ್ಟಲ್‌ಗೆ ಒಣಗುವ ರಗಳೆಯೇ ಇಲ್ಲ. ದಾರಿಹೋಕರಿಗೆ ಹೇಳಿ ಮಾಡಿಸಿದಂತಿತ್ತು. ವೆನಿಸ್‌ಗೆ ಬಂದ ಸಿರಿವಂತ ಪ್ರವಾಸಿಗರು ರೊಸಾಲ್ಬಾ ಮನೆಗೆ ಸುಮ್ನೆ ಹೋಗುತ್ತಿರಲಿಲ್ಲ.

ಪೋಲಿನ್ಯಾಕ್ ಮೆತ್ತಗಿನ ಆಸಾಮಿ ಅಲ್ಲ. 1712ರಲ್ಲಿ ಡಚ್ಚರ ನಾಡಾದ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ಶಾಂತಿ ಮಾತುಕತೆಯಲ್ಲಿ ಫ್ರಾನ್ಸಿನ ಪರ ಕೂತವರು. ‘ನಿಮ್ಮ ವಿಷಯವನ್ನೇ, ನಿಮ್ಮ ನೆಲದಲ್ಲೇ, ನಿಮ್ಮನ್ನು ಬಿಟ್ಟು ತೀರ್ಮಾನಿಸುತ್ತೇವೆ’ ಎಂದು ಅವರು ಡಚ್ಚರಿಗೆ ಹೇಳಿದ್ದು ಅಂತ ಪ್ರತೀತಿ. ಇಂಥ ಮನುಷ್ಯ ಚಿತ್ರದಲ್ಲಿ ಇಷ್ಟು ಸೌಮ್ಯವಾಗಿ ಕಾಣುವುದಕ್ಕೆ ಅರ್ಧ ಕಾರಣ ಕಲಾವಿದೆಯ ಕೈ. ಇನ್ನರ್ಧ ಪುಡಿ ಅನ್ನುತ್ತೇನೆ ನಾನು. ಹಳೆಯ ಕಾಗದದ ಚಿತ್ರಗಳ ಸಂರಕ್ಷಣೆ ನನ್ನ ಕೆಲಸ, ಹಾಗಾಗಿ ಈ ಪಕ್ಷಪಾತ ಇದ್ದದ್ದೇ!

ಪೇಸ್ಟಲ್ ಕಡ್ಡಿಯಲ್ಲಿ ಇರುವುದು ಬಣ್ಣದ ಪುಡಿ, ಸೀಮೆಸುಣ್ಣ, ಚೂರೇ ಚೂರು ಗೋಂದು. ಬಣ್ಣದ ಕಣಗಳು ಕಾಗದದ ಜುಂಗಿನಲ್ಲಿ ಸಿಕ್ಕಿಕೊಂಡು ಕೂತಿರುತ್ತವೆ, ಅಷ್ಟೇ. ಬೆಳಕು ಆ ಕಣಗಳ ಮೇಲೆ ಬಿದ್ದು ಎಲ್ಲ ಕಡೆಗೂ ಚೆದುರುತ್ತದೆ. ಚರ್ಮಕ್ಕೆ ಆ ಮಂದ ಹೊಳಪು ಬರುವುದು ಹೀಗೆ. ರೊಕೊಕೊ ಕಾಲದವರು, ಅಂದರೆ ನಯನಾಜೂಕಿನ ಅಲಂಕಾರ ಮೆಚ್ಚಿದ ಹದಿನೆಂಟನೇ ಶತಮಾನದ ಯುರೋಪಿನವರು, ಮುಖಕ್ಕೂ ಕೂದಲಿಗೂ ಪೌಡರ್ ಬಳಿಯುತ್ತಿದ್ದವರು. ಅವರಿಗೆ ಇದು ಹಿಡಿಸದೆ ಇರುತ್ತದಾ? ಮೇಲೆ ವಾರ್ನಿಶ್ ಇಲ್ಲದ್ದರಿಂದ ಎಣ್ಣೆಚಿತ್ರದ ಹಾಗೆ ಹಳದಿಯೂ ಆಗುವುದಿಲ್ಲ.

ಆದರೆ ಕಾಪಾಡುವವರಿಗೆ ತಲೆನೋವು ಜಾಸ್ತಿ. ಅಂಟಿನ ದ್ರವ ಸಿಂಪಡಿಸಿ ಪುಡಿಯನ್ನು ಕೂರಿಸಬಹುದಲ್ವಾ ಅಂತ ಕೇಳುತ್ತಾರೆ. ಸಿಂಪಡಿಸಿದರೆ ಬಣ್ಣ ಗಾಢವಾಗುತ್ತದೆ, ಆ ಮಂದ ಹೊಳಪೇ ಹೋಗುತ್ತದೆ. ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ; ಇದು ಮಂದ ಬೆಳಕು) ಮೀರುವಂತಿಲ್ಲ. ಚೌಕಟ್ಟಿಗೆ ಸಾಮಾನ್ಯ ಅಕ್ರಿಲಿಕ್ ಹಾಳೆ ಹಾಕಿದರೆ, ಒರೆಸುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಗಾಜೇ ಲೇಸು, ಅದೂ ಚಿತ್ರಕ್ಕೆ ತಾಗದಂತೆ. ಸಾಗಣೆಯಲ್ಲಿ ಅಲುಗಾಡಿದರೂ ಪುಡಿ ಉದುರುತ್ತದೆ. ಪ್ರದರ್ಶನಕ್ಕೆ ಕಳಿಸಿಕೊಡಿ ಅಂತ ಬೇರೆ ಮ್ಯೂಸಿಯಂನಿಂದ ಪತ್ರ ಬಂದರೆ ನಾವು ಸುಲಭಕ್ಕೆ ಹೂಂ ಅನ್ನದಿರುವುದು ಇದಕ್ಕೇ.